ಹತ್ತಿರದ ಇತಿಹಾಸದ ಫೋಟೊ ಪ್ರದರ್ಶನ ನೋಡುವ ಬಗೆ: ಕಲಬುರಗಿ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ಗೋಡೆಯ ಮೇಲೆ ಅರವತ್ತು ಫೋಟೊ ಇವೆ, ಒಂದೊಂದರ ಮುಂದೆ ಅರ್ಧ ನಿಮಿಷ ನಿಂತಿರಿ ಎಂದುಕೊಳ್ಳಿ. ಅರ್ಧ ಗಂಟೆಯಲ್ಲಿ ಪ್ರದರ್ಶನ ಮುಗಿಯಿತು. ಮರುದಿನ ನೆನಪಿಸಿಕೊಂಡರೆ ಅಳುವ ಒಂದು ಮುಖ, ಹೊಗೆ, ಯಾವುದೋ ಮೆರವಣಿಗೆ ಇಷ್ಟೇ ಉಳಿದಿರುತ್ತದೆ. ಎಲ್ಲಿ, ಯಾವಾಗ, ಯಾರು ಎಂಬುದು ಒಂದೂ ನೆನಪಿರುವುದಿಲ್ಲ. ದಾಖಲೆ ಫೋಟೊ ಇತಿಹಾಸವಾಗುವುದು ಅದರ ಕೆಳಗಿನ ಎರಡು ಸಾಲಿನ ಅಡಿಬರಹದಿಂದ. ಆ ಎರಡು ಸಾಲನ್ನು ಚಿತ್ರದ ಜೊತೆ ತಾಳೆ ಹಾಕಿ ನೋಡುವುದೇ ಇಲ್ಲಿ ಹೇಳುವ ಕ್ರಮದ ಜೀವಾಳ. ಕಲಬುರಗಿ, ಬೀದರ್, ಯಾದಗಿರಿಯವರಿಗೆ ಈ ಕೆಲಸ ಹೆಚ್ಚು ಅಗತ್ಯ, ಏಕೆಂದರೆ ನಮ್ಮ ಭಾಗದ ಹಳೆಯ ಫೋಟೊಗಳಲ್ಲಿ ಜನರ ಹೆಸರು, ಊರಿನ ಹೆಸರು ಬಿಟ್ಟುಹೋಗಿರುವುದೇ ಹೆಚ್ಚು.

ಹೋಗುವ ಮುನ್ನ

ಮೊದಲು ಪ್ರದರ್ಶನ ಯಾರದ್ದು ಎಂದು ತಿಳಿಯಿರಿ. ಬಸ್ ನಿಲ್ದಾಣದಲ್ಲಿ ಇಲಾಖೆಯವರು ಹಾಕುವ ಯೋಜನೆಗಳ ಫೋಟೊ ಪ್ರದರ್ಶನ, ಪತ್ರಿಕಾ ಛಾಯಾಗ್ರಾಹಕರ ಸಂಘದ ಪ್ರದರ್ಶನ, ಒಬ್ಬನೇ ಛಾಯಾಗ್ರಾಹಕನ ಹತ್ತು ವರ್ಷದ ಕೆಲಸ, ವಸ್ತುಸಂಗ್ರಹಾಲಯದ ಸಂಗ್ರಹದಿಂದ ಆರಿಸಿದ ಚಿತ್ರಗಳು: ಇವು ನಾಲ್ಕೂ ಬೇರೆ ಬೇರೆ. ಮೊದಲನೆಯದರಲ್ಲಿ ಚಿತ್ರವನ್ನು ಒಂದು ಮಾತನ್ನು ಒಪ್ಪಿಸುವುದಕ್ಕೆ ಆರಿಸಿರುತ್ತಾರೆ. ಎರಡನೆಯದರಲ್ಲಿ ಸುದ್ದಿಯಾಗಿದ್ದು ಮಾತ್ರ ಇರುತ್ತದೆ. ಕೊನೆಯದರಲ್ಲಿ ಯಾರೋ ಒಬ್ಬರು ಸಾವಿರ ಚಿತ್ರಗಳಿಂದ ಅರವತ್ತನ್ನು ಆರಿಸಿದ್ದಾರೆ, ಉಳಿದವನ್ನು ಬಿಟ್ಟಿದ್ದಾರೆ. ಇದು ಗೊತ್ತಿದ್ದರೆ ಒಳಗೆ ಏನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ರಜೆಯ ದಿನ ವಿಚಾರಿಸಿಕೊಳ್ಳಿ. ಬಹಳಷ್ಟು ವಸ್ತುಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಮಾತ್ರ ಶುಕ್ರವಾರ ಮುಚ್ಚುತ್ತದೆ, ಬೀದರಿನಿಂದ ಬೆಳಿಗ್ಗೆಯೇ ಹೊರಟು ಬಾಗಿಲ ಮುಂದೆ ನಿಲ್ಲಬೇಕಾದೀತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ರಾತ್ರಿ ರೈಲಿಗೆ ಹೊರಡುವವರು ಭಾನುವಾರ ರಾತ್ರಿ ಹತ್ತಬೇಡಿ.

ಕಲಬುರಗಿಯಲ್ಲೇ ನೋಡುವುದಾದರೆ ಬೇಸಿಗೆಯಲ್ಲಿ ಬಾಗಿಲು ತೆರೆದ ಕೂಡಲೇ ಹೋಗಿ. ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಹಳೆಯ ಗುಮ್ಮಟದ ಕಟ್ಟಡಗಳಲ್ಲಿ. ಅಂಥ ಕಡೆ, ಇಲ್ಲವೇ ಕಾಲೇಜಿನ ಸಭಾಂಗಣದಲ್ಲಿ ತಾತ್ಕಾಲಿಕ ಪ್ರದರ್ಶನ ಹಾಕಿದಾಗ, ಬಾಗಿಲಿನ ಬಿಸಿಲು ನೇರವಾಗಿ ಚೌಕಟ್ಟಿನ ಗಾಜಿಗೆ ಬಡಿಯುತ್ತದೆ. ಮಧ್ಯಾಹ್ನ ಹೋದರೆ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಶಾಲೆ ಮಕ್ಕಳ ಬಸ್ಸುಗಳು ಬರುವ ಹೊತ್ತನ್ನೂ ಕೇಳಿಕೊಂಡು ಅದನ್ನು ತಪ್ಪಿಸಿ.

ಜೊತೆಗೆ ಇರಬೇಕಾದದ್ದು ಕಡಿಮೆ. ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್ (ಪೆನ್ನಿನ ಶಾಯಿ ಪ್ರಿಂಟಿಗೆ ಅಪಾಯ ಎಂದು ಹಲವೆಡೆ ಪೆನ್ನು ಬಿಡುವುದಿಲ್ಲ), ಓದುವ ಕನ್ನಡಕ, ಕೈಗೆ ಹಿಡಿಯುವ ಭೂತಗನ್ನಡಿ. ನೀರಿನ ಬಾಟಲಿ, ಬುತ್ತಿ ಹೊರಗಿನ ಕೌಂಟರಿನಲ್ಲಿ ಇರಲಿ. ಬೆನ್ನಿನ ಚೀಲವನ್ನೂ ಅಲ್ಲೇ ಬಿಡಿ, ತಿರುಗುವಾಗ ಚೌಕಟ್ಟಿಗೆ ತಗಲುವುದು ಅದೇ.

ಹೊತ್ತಿನ ಲೆಕ್ಕ: ಅರವತ್ತು ಚಿತ್ರಕ್ಕೆ ಎರಡು ಗಂಟೆ. ಅದರಲ್ಲಿ ಇಪ್ಪತ್ತು ನಿಮಿಷ ಒಂದು ಸುತ್ತು, ಎಪ್ಪತ್ತೈದು ನಿಮಿಷ ಐದು ಚಿತ್ರಗಳು, ಉಳಿದದ್ದು ಕೂರುವುದಕ್ಕೆ ಮತ್ತು ಬರೆದುಕೊಳ್ಳುವುದಕ್ಕೆ. ಎರಡು ಗಂಟೆ ಮೀರಿದರೆ ಕಣ್ಣು ನೋಡುತ್ತದೆ, ತಲೆ ನೋಡುವುದಿಲ್ಲ. ನೂರಕ್ಕಿಂತ ಹೆಚ್ಚು ಚಿತ್ರಗಳಿದ್ದರೆ ಎರಡು ದಿನ ಮಾಡಿ.

ಮೊದಲ ಸುತ್ತು

ಹೊರಗಿನ ಬಿಸಿಲಿನಿಂದ ಒಳಗೆ ಬಂದ ಕೂಡಲೇ ಚಿತ್ರ ನೋಡಬೇಡಿ. ಒಳ್ಳೆಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಫೋಟೊಗಳ ಮೇಲೆ ಬೆಳಕನ್ನು ಸುಮಾರು 50 ಲಕ್ಸ್‌ಗೆ (ಲಕ್ಸ್ ಎಂದರೆ ಬೆಳಕಿನ ಅಳತೆ) ಇಳಿಸಿರುತ್ತಾರೆ, ಏಕೆಂದರೆ ಬೆಳಕಿಗೆ ಬಣ್ಣ ಮಾಸುತ್ತದೆ, ಮಾಸಿದ್ದು ಮರಳಿ ಬರುವುದಿಲ್ಲ. ಕಣ್ಣು ಆ ಮಬ್ಬಿಗೆ ಹೊಂದಿಕೊಳ್ಳಲು ಐದಾರು ನಿಮಿಷ ಬೇಕು. ಆ ಹೊತ್ತಿನಲ್ಲಿ ಬಾಗಿಲ ಬಳಿಯ ಪೀಠಿಕೆ ಫಲಕ ಓದಿ. ಎಷ್ಟು ವರ್ಷದ ಚಿತ್ರಗಳು, ಯಾವ ಸಂಗ್ರಹದಿಂದ ಬಂದವು, ಆರಿಸಿದವರು ಯಾರು ಎಂಬ ಮೂರನ್ನು ಬರೆದುಕೊಳ್ಳಿ.

ಆಮೇಲೆ ಅಡಿಬರಹ ಓದದೆ ಒಂದು ಸುತ್ತು ನಡೆಯಿರಿ. ನಿಮ್ಮನ್ನು ತಡೆದು ನಿಲ್ಲಿಸಿದ ಚಿತ್ರದ ಸಂಖ್ಯೆ ಮಾತ್ರ ಗುರುತು ಹಾಕಿ. ಹೀಗೆ ಮಾಡುವುದಕ್ಕೆ ಕಾರಣವಿದೆ: ಅಡಿಬರಹ ಮೊದಲು ಓದಿದರೆ ಕಣ್ಣು ಅದು ಹೇಳಿದ್ದನ್ನಷ್ಟೇ ಹುಡುಕುತ್ತದೆ. ‘ಬರಗಾಲ’ ಎಂದು ಓದಿದವರಿಗೆ ಮೂಲೆಯಲ್ಲಿ ನಗುತ್ತಿರುವ ಹುಡುಗ ಕಾಣುವುದಿಲ್ಲ.

ಚಿತ್ರಗಳನ್ನು ಸಾಮಾನ್ಯವಾಗಿ ನಡುಭಾಗ ನೆಲದಿಂದ 145ರಿಂದ 155 ಸೆಂಟಿಮೀಟರ್ ಎತ್ತರದಲ್ಲಿ ಬರುವಂತೆ ತೂಗುಹಾಕುತ್ತಾರೆ. ನೋಡುವ ದೂರಕ್ಕೆ ಒಂದು ಲೆಕ್ಕ: ಚಿತ್ರದ ಮೂಲೆಯಿಂದ ಮೂಲೆಗಿರುವ ಉದ್ದದ ಒಂದೂವರೆ ಪಟ್ಟು ದೂರ ನಿಂತರೆ ಇಡೀ ಚಿತ್ರ ಒಂದೇ ನೋಟಕ್ಕೆ ಸಿಗುತ್ತದೆ. ಆಮೇಲೆ ಒಂದು ಮೊಳದಷ್ಟು ಹತ್ತಿರ ಹೋಗಿ ವಿವರ ನೋಡಿ. ಗಾಜು ಮಿನುಗಿದರೆ ಪಕ್ಕಕ್ಕೆ ಒಂದು ಹೆಜ್ಜೆ ಸರಿಯಿರಿ, ಮಂಡಿ ಸ್ವಲ್ಪ ಮಡಚಿ.

ಐದು ಚಿತ್ರ, ಒಂದೊಂದಕ್ಕೆ ಹದಿನೈದು ನಿಮಿಷ

ಗುರುತು ಹಾಕಿದವುಗಳಲ್ಲಿ ಐದನ್ನು ಆರಿಸಿ. ಇಷ್ಟವಾದ ಐದೇ ಬೇಡ, ಅರ್ಥವಾಗದ ಒಂದು ಅದರಲ್ಲಿರಲಿ.

ಮೊದಲು ಎಣಿಸಿ. ಎಷ್ಟು ಜನ, ಗಂಡಸರು ಹೆಂಗಸರು ಎಷ್ಟು, ಕ್ಯಾಮೆರಾ ಕಡೆ ನೋಡುತ್ತಿರುವವರು ಯಾರು, ಯಾರ ಕಾಲಲ್ಲಿ ಚಪ್ಪಲಿ ಇಲ್ಲ. ಎಣಿಸುವುದು ಹುಡುಗಾಟ ಅನ್ನಿಸಬಹುದು, ಆದರೆ ಚಿತ್ರದ ಮುಂದೆ ಐದು ನಿಮಿಷ ನಿಲ್ಲಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಎರಡನೆಯದು, ಕ್ಯಾಮೆರಾ ಎಲ್ಲಿತ್ತು. ಚಿತ್ರ ಚೌಕಾಕಾರವಾಗಿದ್ದರೆ 6×6 ಸೆಂಟಿಮೀಟರ್ ಫಿಲ್ಮಿನ ರೋಲಿಫ್ಲೆಕ್ಸ್ ಬಗೆಯ ಕ್ಯಾಮೆರಾ ಇರಬಹುದು. ಅದನ್ನು ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುತ್ತಾರೆ. ಹಾಗಾಗಿ ಜನ ಸ್ವಲ್ಪ ಎತ್ತರವಾಗಿ, ಗಂಭೀರವಾಗಿ ಕಾಣುತ್ತಾರೆ. 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟು 24×36 ಮಿಲಿಮೀಟರ್, ಅಂದರೆ ಎರಡಕ್ಕೆ ಮೂರರ ಅನುಪಾತ. ಆ ಅನುಪಾತಕ್ಕೆ ಹೊಂದದ, ಉದ್ದುದ್ದ ಅಥವಾ ತೀರಾ ಸಣ್ಣಗಿನ ಚಿತ್ರ ಕಂಡರೆ ಅಂಚು ಕತ್ತರಿಸಿರುವ ಸಾಧ್ಯತೆ ಇದೆ. ಅಂಚಿನಲ್ಲಿ ಅರ್ಧ ಕೈ, ಅರ್ಧ ಲಾಠಿ ಕಂಡರೆ ಆಚೆ ಏನಿತ್ತು ಎಂದು ಕೇಳಿಕೊಳ್ಳಿ.

ಮೂರನೆಯದು, ಇದು ತಾನಾಗಿ ನಡೆದದ್ದೋ, ನಿಲ್ಲಿಸಿ ತೆಗೆದದ್ದೋ. ಈ ಪ್ರಶ್ನೆ ಛಾಯಾಗ್ರಹಣದಷ್ಟೇ ಹಳೆಯದು. ರೋಜರ್ ಫೆಂಟನ್ 1855ರಲ್ಲಿ ಕ್ರಿಮಿಯಾ ಯುದ್ಧದ ಒಂದೇ ಕಣಿವೆಯ ಎರಡು ಚಿತ್ರ ತೆಗೆದ. ಒಂದರಲ್ಲಿ ತೋಪಿನ ಗುಂಡುಗಳು ರಸ್ತೆಯ ಮೇಲೆ ಚೆಲ್ಲಿವೆ, ಇನ್ನೊಂದರಲ್ಲಿ ರಸ್ತೆ ಖಾಲಿ. ಫೆಲಿಸ್ ಬಿಯಾಟೊ 1858ರಲ್ಲಿ ಲಖನೌದ ಸಿಕಂದರ್ ಬಾಗಿನಲ್ಲಿ ತೆಗೆದ ಚಿತ್ರದಲ್ಲಿ ಅಸ್ಥಿಪಂಜರಗಳು ಅಂಗಳದಲ್ಲಿ ಬಿದ್ದಿವೆ, ಆದರೆ ಅಲ್ಲಿನ ಕಾಳಗ ನಡೆದದ್ದು 1857ರ ನವೆಂಬರಿನಲ್ಲಿ, ತಿಂಗಳುಗಳ ಹಿಂದೆ. ನಿಲ್ಲಿಸಿ ತೆಗೆದ ಚಿತ್ರ ಎಂದ ಮಾತ್ರಕ್ಕೆ ಕಸವಲ್ಲ. ಅದು ಯಾರಿಗೆ ಏನನ್ನು ತೋರಿಸಬೇಕಿತ್ತು ಎಂಬುದಕ್ಕೆ ಅದೇ ದಾಖಲೆ.

ನಾಲ್ಕನೆಯದು, ಜೋಡಿ ಹುಡುಕಿ. ಒಂದೇ ಘಟನೆಯನ್ನು ಇಬ್ಬರು ತೆಗೆದ ಚಿತ್ರಗಳಿದ್ದರೆ ಅದಕ್ಕಿಂತ ದೊಡ್ಡ ಪಾಠ ಇಲ್ಲ. 1984ರ ಡಿಸೆಂಬರಿನ ಭೋಪಾಲ್ ಅನಿಲ ದುರಂತದಲ್ಲಿ ಸತ್ತ, ಹೆಸರು ತಿಳಿಯದ ಒಂದು ಮಗುವನ್ನು ಮಣ್ಣು ಮಾಡುವುದನ್ನು ರಘು ರಾಯ್ ಕಪ್ಪು ಬಿಳುಪಿನಲ್ಲಿ ತೆಗೆದರು, ಪಾಬ್ಲೊ ಬಾರ್ಥಲೊಮ್ಯೂ ಬಣ್ಣದಲ್ಲಿ ತೆಗೆದರು. ವರ್ಲ್ಡ್ ಪ್ರೆಸ್ ಫೋಟೊ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯ ಆ ವರ್ಷದ ಪ್ರಶಸ್ತಿ ಬಣ್ಣದ ಚಿತ್ರಕ್ಕೆ ಬಂತು. ಎರಡನ್ನೂ ಪಕ್ಕಪಕ್ಕ ನೋಡಿದವರಿಗೆ ಬಣ್ಣ ಏನು ಮಾಡುತ್ತದೆ, ಚೌಕಟ್ಟು ಬದಲಾದರೆ ಏನಾಗುತ್ತದೆ ಎಂಬುದನ್ನು ಬೇರೆ ಯಾರೂ ವಿವರಿಸಬೇಕಿಲ್ಲ.

ಇಷ್ಟಾದ ಮೇಲೆ ಅಡಿಬರಹ ಓದಿ.

ಅಡಿಬರಹದಲ್ಲಿ ಇರಬೇಕಾದದ್ದು

ಪೂರ್ತಿ ಅಡಿಬರಹ ಎಂದರೆ ತೆಗೆದವರ ಹೆಸರು, ಊರು, ತಾರೀಖು, ಚಿತ್ರದಲ್ಲಿರುವವರ ಹೆಸರು, ಪ್ರಿಂಟಿನ ಬಗೆ, ಪ್ರಿಂಟ್ ಹಾಕಿದ ವರ್ಷ, ಯಾರ ಸಂಗ್ರಹ. ತೆಗೆದ ವರ್ಷ ಮತ್ತು ಪ್ರಿಂಟ್ ಹಾಕಿದ ವರ್ಷ ಬೇರೆ ಬೇರೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. 1948ರಲ್ಲಿ ತೆಗೆದ ನೆಗೆಟಿವ್‌ನಿಂದ ಹೋದ ವರ್ಷ ಇಂಕ್‌ಜೆಟ್ಟಿನಲ್ಲಿ ಹಾಕಿದ ದೊಡ್ಡ ಪ್ರಿಂಟ್ ಬೇರೆ, ಆ ಕಾಲದ್ದೇ ಅಂಗೈಯಗಲದ ಬೆಳ್ಳಿ ಲವಣದ ಪ್ರಿಂಟ್ ಬೇರೆ. ಎರಡನೆಯದರ ಹಿಂಬದಿಯಲ್ಲಿ ಮುದ್ರೆ, ಕೈಬರಹ ಇರುತ್ತದೆ. ಹಿಂಬದಿಯನ್ನೂ ತೋರಿಸಿದ್ದರೆ ಮೊದಲು ಅದನ್ನು ಓದಿ.

ಹೆಸರಿನ ಜಾಗ ಖಾಲಿ ಇದ್ದರೆ ಅಲ್ಲೇ ನಿಲ್ಲಿ. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಬಳಿ ತೆಗೆದ ತಾಯಿಯ ಚಿತ್ರವನ್ನು ಜಗತ್ತೆಲ್ಲ ನೋಡಿತು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಹೊರಬಂದದ್ದು 1978ರಲ್ಲಿ, ನಲವತ್ತೆರಡು ವರ್ಷದ ಮೇಲೆ. ನಮ್ಮ ಕಡೆಯ ಚಿತ್ರಗಳ ಕೆಳಗೂ ‘ಲಂಬಾಣಿ ಮಹಿಳೆ’, ‘ಗುಳೆ ಹೊರಟ ಕುಟುಂಬ’, ‘ಪ್ರವಾಹ ಸಂತ್ರಸ್ತರು’ ಎಂದಷ್ಟೇ ಇರುತ್ತದೆ. ಮಂತ್ರಿಗಳ ಹೆಸರು ಪೂರ್ತಿ ಇರುತ್ತದೆ. 2009ರ ಪ್ರವಾಹದ ಚಿತ್ರದಲ್ಲಿ ದೋಣಿಯಲ್ಲಿ ಕೂತ ಮುದುಕಿ ಭೀಮಾ ದಂಡೆಯ ಯಾವುದೋ ಊರಿನ ಆಯಿ. ಅವರ ಮೊಮ್ಮಕ್ಕಳು ಇಂದಿಗೂ ಅದೇ ಊರಲ್ಲಿ ಇರಬಹುದು.

ಕಾಲವನ್ನು ಚಿತ್ರದಿಂದಲೇ ತಾಳೆ ನೋಡುವುದು

ಇದು ಇಡೀ ಕೆಲಸದಲ್ಲಿ ಹೆಚ್ಚು ಹಿಡಿಸುವ ಭಾಗ, ಮತ್ತು ಸ್ಥಳೀಯರಿಗಷ್ಟೇ ಸಲೀಸು. ಭೂತಗನ್ನಡಿಯಿಂದ ಮೊದಲು ಫಲಕಗಳನ್ನು ಓದಿ. ಸರ್ಕಾರಿ ಫಲಕದಲ್ಲಿ ಹೈದರಾಬಾದ್ ರಾಜ್ಯದ ಹೆಸರಿದ್ದರೆ ಅದು 1956ರ ನವೆಂಬರ್ 1ಕ್ಕಿಂತ ಹಿಂದೆ ಬರೆಸಿದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1956ರಿಂದ 1973ರ ಅಕ್ಟೋಬರ್ ವರೆಗಿನದು, ‘ಕರ್ನಾಟಕ’ ಎಂದಿದ್ದರೆ ಅದರ ಮುಂದಿನದು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಕಂಡರೆ 1972ರ ಆಗಸ್ಟ್ 15ರ ಈಚಿನದು. ಗಾಡಿಯ ಮೇಲೆ ಕೆಎ 32 (ಕಲಬುರಗಿ), ಕೆಎ 33 (ಯಾದಗಿರಿ), ಕೆಎ 38 (ಬೀದರ್) ಎಂಬ ನಂಬರ್ ಕಂಡರೆ 1980ರ ದಶಕದ ಕೊನೆಗಿಂತ ಹಿಂದಿನ ಚಿತ್ರವಲ್ಲ. ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಒಂದು ಎಚ್ಚರಿಕೆ: ಹಳೆಯ ಫಲಕವನ್ನು ಹತ್ತಾರು ವರ್ಷ ತೆಗೆಯದೆ ಬಿಡುವುದುಂಟು. ಆದ್ದರಿಂದ ಹೊಸ ಗುರುತು ಕಂಡರೆ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಖಚಿತವಾಗಿ ಹೇಳಬಹುದು, ಹಳೆಯ ಗುರುತು ಕಂಡರೆ ‘ಇದಕ್ಕಿಂತ ಈಚಿನದಲ್ಲ’ ಎನ್ನಲಾಗದು.

ಫಲಕವಿಲ್ಲದಿದ್ದರೆ ಹೊಲ ನೋಡಿ. ತೊಗರಿ ಬಿತ್ತುವುದು ಮುಂಗಾರಿಗೆ, ರಾಶಿ ಡಿಸೆಂಬರ್ ಜನವರಿಗೆ. ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಕೊಯ್ಲು ಫೆಬ್ರುವರಿ ಮಾರ್ಚಿನಲ್ಲಿ. ‘ಕಲಬುರಗಿ ಸಮೀಪ, ಸೆಪ್ಟೆಂಬರ್ 1948’ ಎಂಬ ಅಡಿಬರಹದ ಮೇಲೆ ತೊಗರಿ ರಾಶಿ ಕಂಡರೆ ತಿಂಗಳು ತಪ್ಪಿದೆ. ಸೆಪ್ಟೆಂಬರಿನಲ್ಲಿ ಇಲ್ಲಿ ಮಳೆ ಜೋರು, ಎರೆ ಮಣ್ಣಿನ ರಸ್ತೆ ಕೆಸರಾಗಿರುತ್ತದೆ. ಹಿಂದೆ ದೂಳೆಬ್ಬಿಸುತ್ತಾ ಸಾಗುವ ಲಾರಿಗಳ ಸಾಲು ಆ ತಿಂಗಳಿನದು ಎಂದು ಸುಲಭವಾಗಿ ನಂಬಬೇಡಿ. ಗೋಡೆ, ನೆಲ ನೋಡಿ: ಶಹಾಬಾದ್ ಫರ್ಸಿಯನ್ನು (ಚಪ್ಪಡಿ ಕಲ್ಲನ್ನು) ಒಂದರ ಪಕ್ಕ ಒಂದು ನಿಲ್ಲಿಸಿದ ಗೋಡೆ ನಮ್ಮ ಕಡೆಯ ಗುರುತು.

1948ರ ಚಿತ್ರಗಳ ಮುಂದೆ

ಈ ಭಾಗದ ಸಮಕಾಲೀನ ಇತಿಹಾಸದ ಪ್ರದರ್ಶನದಲ್ಲಿ ‘ಪೊಲೀಸ್ ಆಕ್ಷನ್’ ಇಲ್ಲದೆ ಇರುವುದಿಲ್ಲ. ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿದ್ದು 1948ರ ಸೆಪ್ಟೆಂಬರ್ 13ರಂದು, ನಿಜಾಮರು ಶರಣಾಗತಿಯನ್ನು ಸಾರಿದ್ದು 17ರಂದು. ಆದರೆ ಹೈದರಾಬಾದ್ ಸೇನೆಯ ಮುಖ್ಯಸ್ಥ ಜನರಲ್ ಎಲ್ ಎಡ್ರೂಸ್ ಅವರು ಭಾರತದ ಸೇನೆಯ ಮೇಜರ್ ಜನರಲ್ ಜೆ.ಎನ್. ಚೌಧರಿ ಅವರಿಗೆ ಸಿಕಂದರಾಬಾದಿನಲ್ಲಿ ಸೇನೆಯನ್ನು ಒಪ್ಪಿಸಿದ್ದು 18ರಂದು. ಆ ಚಿತ್ರದ ಕೆಳಗೆ 17 ಎಂದಿದ್ದರೆ ಬರೆದುಕೊಳ್ಳಿ.

ಈ ಚಿತ್ರಗಳಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಪ್ರಸಿದ್ಧ ಚಿತ್ರಗಳಲ್ಲಿ ಇರುವುದು ಸೇನಾಧಿಕಾರಿಗಳು, ಟ್ಯಾಂಕು, ನಿಜಾಮರು, ಹೈದರಾಬಾದ್ ನಗರ. ನಿಜಾಮರ ಪರವಾದ ಸಶಸ್ತ್ರ ಪಡೆ ರಜಾಕಾರರ ಹಾವಳಿಗೆ ಹೆದರಿ ಊರು ಬಿಟ್ಟು ಗಡಿಯಾಚೆಗೆ ಹೋದವರು, ನಿಜಾಮರ ವಿರುದ್ಧ ಹೋರಾಡಲು ಗಡಿ ಶಿಬಿರಗಳಲ್ಲಿದ್ದ ಹುಡುಗರು, ಸೇನೆ ಬಂದ ಮೇಲೆ ಹಳ್ಳಿಗಳಲ್ಲಿ ಕೊಲೆಯಾದ ಮುಸ್ಲಿಮರು ಅವುಗಳಲ್ಲಿ ಇಲ್ಲ. ಸರ್ಕಾರವೇ ಕಳಿಸಿದ್ದ ಪಂಡಿತ್ ಸುಂದರಲಾಲ್ ನೇತೃತ್ವದ ತಂಡ ತನ್ನ ವರದಿಯಲ್ಲಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡನ್ನು ಹೆಸರಿಸಿತ್ತು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ರಜಾಕಾರರ ಹಾವಳಿ, ಸೇನೆ ಬಂದ ಮೇಲಿನ ಕೊಲೆಗಳು ಈ ಎರಡರಲ್ಲಿ ಪ್ರದರ್ಶನ ಒಂದನ್ನಷ್ಟೇ ಹೇಳಿದ್ದರೆ, ಇನ್ನೊಂದನ್ನು ಫಲಕದಲ್ಲಾದರೂ ಸೇರಿಸಿ ಎಂದು ಕೇಳುವುದು ನೋಡುಗರ ಹಕ್ಕು. ಕ್ಯಾಮೆರಾ ಹೋಗದ ಊರಿನಲ್ಲೂ ಜನ ಸತ್ತಿದ್ದಾರೆ.

ಹಿರಿಯರನ್ನು ಕರೆದೊಯ್ಯುವಾಗ

ಆ ಕಾಲ ಕಂಡವರಿಗೆ ಈಗ ಎಂಬತ್ತು ದಾಟಿದೆ. 1972ರ ಬರ, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಕಂಡವರು ಇನ್ನೂ ಬಹಳ ಜನ ಇದ್ದಾರೆ. ಅವರನ್ನು ಜನಜಂಗುಳಿ ಇಲ್ಲದ ದಿನ ಕರೆದೊಯ್ಯಿರಿ. ಮಡಚುವ ಕುರ್ಚಿ ಬೇಕೆಂದು ಮುಂಚೆಯೇ ಸಿಬ್ಬಂದಿಗೆ ಹೇಳಿ. ಎಲ್ಲವನ್ನೂ ತೋರಿಸಬೇಡಿ, ಹತ್ತು ಚಿತ್ರ ಸಾಕು.

ಕೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. ‘ಮುತ್ಯಾ, ಇದು ಗಂಜ್ ಅಲ್ಲೇನ್ರಿ?’ ಎಂದು ಕೇಳಿದರೆ ಮುತ್ಯಾ ಹೂಂ ಅಂದುಬಿಡುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ‘ಮುತ್ಯಾ, ಇದು ಯಾವ ಜಾಗ ಅದರಿ?’ ಎಂದು ಕೇಳಿ ಸುಮ್ಮನಿರಿ. ಅಡಿಬರಹ ಓದಿ ಹೇಳಬೇಡಿ. ಮೌನ ಒಂದು ನಿಮಿಷ ಎಳೆದರೂ ತುಂಬಬೇಡಿ. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಶುರುವಿನಲ್ಲೇ ಚಿತ್ರದ ಸಂಖ್ಯೆ ಮತ್ತು ತಾರೀಖನ್ನು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವ ಮಾತು ಯಾವ ಚಿತ್ರದ್ದು ಎಂದು ತಿಳಿಯುವುದಿಲ್ಲ. ಕಣ್ಣು ತುಂಬಿದರೆ ಮುದ್ರಣ ನಿಲ್ಲಿಸಿ, ಹೊರಗೆ ನೆರಳಿಗೆ ಕರೆದುಕೊಂಡು ಬನ್ನಿ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.

ಶಾಲೆ ಮಕ್ಕಳದ್ದು ಬೇರೆ ಲೆಕ್ಕ. ನಲವತ್ತು ಮಕ್ಕಳನ್ನು ಎಂಟೆಂಟರ ಐದು ಗುಂಪು ಮಾಡಿ, ಪ್ರತಿ ಗುಂಪಿಗೆ ಮೂರೇ ಚಿತ್ರ ಕೊಡಿ. ಶಿಕ್ಷಕರು ಒಂದು ದಿನ ಮೊದಲು ಹೋಗಿ ಶವ, ಗಾಯದ ಚಿತ್ರಗಳು ಎಲ್ಲಿವೆ ಎಂದು ನೋಡಿ ಬರಬೇಕು. ಸಣ್ಣ ತರಗತಿಯವರನ್ನು ಆ ಗೋಡೆಯ ಕಡೆಗೆ ಒಯ್ಯುವುದು ಬೇಡ.

ಮೊಬೈಲಿನಲ್ಲಿ ತೆಗೆಯುವುದು

ಅನುಮತಿ ಕೇಳಿ, ಫ್ಲ್ಯಾಶ್ ಆರಿಸಿ. ಚಿತ್ರವನ್ನೊಮ್ಮೆ, ಅಡಿಬರಹವನ್ನೊಮ್ಮೆ, ಇದೇ ಕ್ರಮದಲ್ಲಿ ತೆಗೆಯಿರಿ. ವಾಟ್ಸಾಪಿಗೆ ಹಾಕುವುದಾದರೆ ಎರಡನ್ನೂ ಜೋಡಿಸಿಯೇ ಹಾಕಿ, ಏಕೆಂದರೆ ಅಡಿಬರಹ ಕಳಚಿಕೊಂಡ ಚಿತ್ರ ನಾಳೆ ಬೇರೆ ಊರಿನ, ಬೇರೆ ಜಗಳದ ಚಿತ್ರವಾಗಿ ತಿರುಗಿ ಬರುತ್ತದೆ. 2012ರ ತಿದ್ದುಪಡಿಯ ಬಳಿಕ ಫೋಟೊಗಳ ಕೃತಿಸ್ವಾಮ್ಯವೂ ಛಾಯಾಗ್ರಾಹಕರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ. ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಬೇಕಿದ್ದರೆ ಬರಹದಲ್ಲಿ ಅನುಮತಿ ಪಡೆಯಿರಿ.

ತಪ್ಪು ಕಂಡರೆ, ಹೆಸರು ಗೊತ್ತಿದ್ದರೆ

ಸಂದರ್ಶಕರ ಪುಸ್ತಕದಲ್ಲಿ ಬರೆದದ್ದು ಸಾಮಾನ್ಯವಾಗಿ ಕಪಾಟಿಗೆ ಸೇರುತ್ತದೆ. ಬೇರೆ ಹಾಳೆಯಲ್ಲಿ ಬರೆಯಿರಿ: ಪ್ರದರ್ಶನದ ಹೆಸರು, ನೋಡಿದ ತಾರೀಖು, ಚಿತ್ರದ ಸಂಖ್ಯೆ, ಈಗಿರುವ ಅಡಿಬರಹ ಅಕ್ಷರಶಃ, ನೀವು ಹೇಳುವ ತಿದ್ದುಪಡಿ. ಅದರ ಕೆಳಗೆ ನಿಮಗೆ ಹೇಗೆ ಗೊತ್ತು ಎಂಬುದು. ಇದೇ ಮುಖ್ಯ. ‘ಎಡದಿಂದ ಮೂರನೆಯವರು ನಮ್ಮ ಆಯಿ, ಅದೇ ಮೂಗುತಿಯ ಇನ್ನೊಂದು ಫೋಟೊ ಮನೆಯಲ್ಲಿದೆ’ ಎಂದರೆ ಪುರಾವೆ. ‘ಎಲ್ಲರಿಗೂ ಗೊತ್ತು’ ಎಂದರೆ ಅಲ್ಲ. ಖಾತ್ರಿ ಇಲ್ಲದಿದ್ದರೆ ‘ಇರಬಹುದು’ ಎಂದೇ ಬರೆಯಿರಿ, ಸಂಗ್ರಹಾಲಯದವರಿಗೆ ಅದೂ ಉಪಯೋಗ. ಕೊನೆಗೆ ನಿಮ್ಮ ಫೋನ್ ನಂಬರ್. ಎರಡು ಪ್ರತಿ ಮಾಡಿ, ಒಂದನ್ನು ಪ್ರದರ್ಶನದ ಉಸ್ತುವಾರಿ ನೋಡುವವರ ಕೈಗೆ ಕೊಟ್ಟು ಇನ್ನೊಂದರ ಮೇಲೆ ಸಹಿ ಹಾಕಿಸಿಕೊಳ್ಳಿ. ಗೋಡೆ ಬಳಿ ನಿಂತ ಸ್ವಯಂಸೇವಕ ಹುಡುಗರ ಜೊತೆ ವಾದ ಬೇಡ, ಫಲಕ ಬದಲಿಸುವ ಅಧಿಕಾರ ಅವರಿಗಿಲ್ಲ.

ಪುರಾವೆಗೆ ಮನೆಯ ಫೋಟೊ ಕೇಳಿದರೆ ಮೂಲವನ್ನು ಕೊಟ್ಟು ಬರಬೇಡಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಮುಂಬದಿ ಹಿಂಬದಿ ಎರಡನ್ನೂ. ಅಂಟು ಹಾಳೆಯ ಆಲ್ಬಮ್ಮಿನಿಂದ ಎಳೆದು ಕೀಳಬೇಡಿ, ಮೇಲ್ಪದರವೇ ಕಿತ್ತು ಬರುತ್ತದೆ. ಬರದಿದ್ದರೆ ಪುಟ ಸಮೇತ ಸ್ಕ್ಯಾನ್ ಮಾಡಿಸಿ. ಬಿಡಿಯಾಗಿರುವ ಹಳೆಯ ಪ್ರಿಂಟುಗಳನ್ನು ಗಟ್ಟಿಯಾದ ಸಮತಟ್ಟು ಹಲಗೆಯ ಮೇಲೆ ಬೋರಲು ಹಾಕಿ, ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಹಿಂಬದಿಯ ಅಂಚಿನಲ್ಲಿ ಬರೆಯಿರಿ: ಎಡದಿಂದ ಬಲಕ್ಕೆ ಹೆಸರು, ಊರು, ತಾಲ್ಲೂಕು, ಗೊತ್ತಿದ್ದಷ್ಟು ವರ್ಷ. ಬಾಲ್ ಪೆನ್ನಿನ ಗೀರು ಮುಂಬದಿಗೆ ಉಬ್ಬಿ ಬರುತ್ತದೆ. ಹೆಸರು ಹೇಳಬಲ್ಲವರು ಪಕ್ಕದಲ್ಲಿ ಕೂತಿರುವಾಗಲೇ ಇದನ್ನು ಮಾಡಿ ಮುಗಿಸಿ.